ಇಲ್ಲದ ಗುಮ್ಮಟದ ಮೇಲಿನ ವೀಕ್ಷಣಾಲಯ

ರೋಮಿನ ಸಂತ ಇಗ್ನೇಷಿಯಸ್ ಚರ್ಚಿನೊಳಗೆ ನಿಂತು ತಲೆಯೆತ್ತಿದರೆ ಭವ್ಯವಾದ ಗುಮ್ಮಟವೊಂದು ಕಾಣುತ್ತದೆ. ಹತ್ತಿರ ಹೋದರೆ ಅದು ಬಟ್ಟೆಯ ಮೇಲೆ ಬರೆದ ಚಿತ್ರ. ನಿಜವಾದ ಗುಮ್ಮಟವನ್ನು ಕಟ್ಟಲೇ ಇಲ್ಲ, ಅದನ್ನು ಹೊರಲೆಂದು ಎಬ್ಬಿಸಿದ್ದ ಭಾರಿ ಕಂಬಗಳು ಮಾತ್ರ ಉಳಿದವು. 1850ರ ದಶಕದ ಆರಂಭದಲ್ಲಿ ಆ ಕಂಬಗಳ ಬಲವನ್ನೇ ನಂಬಿ ಚರ್ಚಿನ ಮಾಡಿನ ಮೇಲೆ ವೀಕ್ಷಣಾಲಯ ಕಟ್ಟಿಸಿದವರು ಕ್ಯಾಥೊಲಿಕರ ಜೆಸ್ಯೂಟ್ ಪಂಥದ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ (1818–1878).

ನಕ್ಷತ್ರಗಳು ಯಾವುದರಿಂದಾಗಿವೆ ಎಂಬುದು ಮನುಷ್ಯನಿಗೆ ಎಂದಿಗೂ ತಿಳಿಯದು ಎಂದು ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ಬರೆದಿದ್ದರು. ಕಾಲು ಶತಮಾನ ಕಳೆಯುವುದರೊಳಗೆ ಜರ್ಮನ್ ವಿಜ್ಞಾನಿಗಳಾದ ಕಿರ್ಖಾಫ್ ಮತ್ತು ಬುನ್ಸೆನ್ ಆ ಮಾತನ್ನು ಸುಳ್ಳಾಗಿಸಿದರು: ಬೆಳಕನ್ನು ಪಟ್ಟಕದಿಂದ ಬಿಡಿಸಿದಾಗ ಮೂಡುವ ರೋಹಿತದ (ಬಣ್ಣದ ಪಟ್ಟಿಯ) ಗೆರೆಗಳು ಆಯಾ ಧಾತುವಿನ ಗುರುತುಗಳು. ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಕೆಲವೇ ನಕ್ಷತ್ರಗಳನ್ನು ಹಿಡಿದು ಗೆರೆಗೆರೆಯನ್ನೂ ಅಳೆಯುತ್ತ ಕೂತರೆ, ಸೆಕ್ಕಿ ಸುಮಾರು 4000 ನಕ್ಷತ್ರಗಳ ರೋಹಿತವನ್ನು ಕಣ್ಣನ್ನು ಮಸೂರಕ್ಕೆ ಹಚ್ಚಿಯೇ ನೋಡಿ ಗುಂಪು ಮಾಡಿದರು. ನನಗೆ ಹೆಚ್ಚು ಧೈರ್ಯದ್ದೆನಿಸುವುದು ಈ ಎರಡನೆಯ ದಾರಿ.

ಸೆಕ್ಕಿ ಮಾಡಿದ ಮೊದಲ ಮೂರು ವರ್ಗಗಳು ಇವು: ಲುಬ್ಧಕ, ಅಭಿಜಿತ್‌ಗಳಂಥ ಬಿಳಿ ನಕ್ಷತ್ರಗಳಲ್ಲಿ ಜಲಜನಕದ ಕೆಲವೇ ದಪ್ಪ ಗೆರೆಗಳು. ಬ್ರಹ್ಮಹೃದಯ, ಸ್ವಾತಿ ಮತ್ತು ನಮ್ಮ ಸೂರ್ಯನಲ್ಲಿ ಲೋಹಗಳ ನೂರಾರು ಸಣ್ಣ ಗೆರೆಗಳು. ಆರ್ದ್ರಾ, ಜ್ಯೇಷ್ಠಾಗಳಲ್ಲಿ ಗೆರೆಗಳ ಬದಲು ಅಗಲವಾದ ಪಟ್ಟೆಗಳು. ಈ ಪಟ್ಟೆಗಳ ನೇರಳೆ ಕಡೆಯ ಅಂಚು ಚೂಪಾಗಿದ್ದು, ಕೆಂಪಿನತ್ತ ಅವು ಮೆಲ್ಲನೆ ಮಾಸುತ್ತವೆ. ಕೆಲವು ಕಡುಗೆಂಪು ನಕ್ಷತ್ರಗಳಲ್ಲಿ ಮಾತ್ರ ಅದು ತಿರುಗುಮುರುಗಾಗಿ, ಚೂಪು ಅಂಚು ಕೆಂಪಿನ ಕಡೆಗಿರುವುದನ್ನು ಸೆಕ್ಕಿ ಕಂಡರು. ಇಷ್ಟು ಸಣ್ಣ ವ್ಯತ್ಯಾಸವನ್ನು ಅಲಕ್ಷಿಸದೆ 1868ರಲ್ಲಿ ಅವುಗಳಿಗೆ ನಾಲ್ಕನೆಯ ವರ್ಗವನ್ನೇ ಮಾಡಿ, ಅಲ್ಲಿರುವುದು ಇಂಗಾಲವೆಂದು ಗುರುತಿಸಿದರು. ಅಂಥದೊಂದು ನಕ್ಷತ್ರದ ಚೆಲುವಿಗೆ ಮಾರುಹೋಗಿ 'ಲಾ ಸೂಪರ್ಬಾ' ಎಂದು ಹೆಸರಿಟ್ಟರು.

ಈ ದುಡಿಮೆಯ ಸಾರವೆಲ್ಲ 1877ರಲ್ಲಿ 'ಲೆ ಸ್ಟೆಲ್ಲೆ' (ನಕ್ಷತ್ರಗಳು) ಎಂಬ ಇಟಾಲಿಯನ್ ಗ್ರಂಥವಾಗಿ ಹೊರಬಂತು. ಮರುವರ್ಷ ಸೆಕ್ಕಿ ತೀರಿಕೊಂಡರು. ಹಾರ್ವರ್ಡ್ ವೀಕ್ಷಣಾಲಯದವರು ಅವರ ವರ್ಗಗಳನ್ನೇ ಒಡೆದು ಅಕ್ಷರಗಳನ್ನು ಕೊಟ್ಟು 1890ರಲ್ಲಿ ದೊಡ್ಡ ಪಟ್ಟಿಯನ್ನು ಪ್ರಕಟಿಸಿದರು. ಆದರೆ ಜಲಜನಕದ ಗೆರೆ ಲುಬ್ಧಕದಲ್ಲಿ ಅಷ್ಟು ದಪ್ಪಗೆ, ಸೂರ್ಯನಲ್ಲಿ ತೆಳ್ಳಗೆ ಏಕೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಬಿಡಿಸುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಭಾರತದ ಭೌತವಿಜ್ಞಾನಿ ಮೇಘನಾದ ಸಾಹಾ: ಸೂರ್ಯನಲ್ಲಿ ಜಲಜನಕಕ್ಕೇನೂ ಕೊರತೆಯಿಲ್ಲ, ಅದರ ಪರಮಾಣುಗಳನ್ನು ಕೆರಳಿಸಿ ಆ ಗೆರೆಗಳನ್ನು ದಪ್ಪವಾಗಿ ಬರೆಸುವಷ್ಟು ಬಿಸಿ ಅಲ್ಲಿಲ್ಲ.