ಗ್ರಹಣ ಬಿಡಿ, ಎಕ್ಸ್‌ರೇ ನೋಡಿ

ಇಲ್ಲಿ ವಿಜಯಪುರದಲ್ಲಿ ಬೆನ್ನು ಸೊಟ್ಟಗಿರುವ ಮಗುವನ್ನು ಕರೆತಂದರೆ ಜೊತೆಗೆ ಅಜ್ಜಿ ಇದ್ದೇ ಇರುತ್ತಾರೆ, ನಾನು ಎಕ್ಸ್‌ರೇ ನೋಡುವ ಮೊದಲೇ ಕಾರಣವನ್ನೂ ಹೇಳಿ ಮುಗಿಸಿರುತ್ತಾರೆ: "ಗ್ರಹಣದಾಗ ಹೊರಗ ಬಂದಿದ್ಲ್ರೀ ಸರ, ಬ್ಯಾಡಂದ್ರೂ ಕೇಳ್ಲಿಲ್ಲ." ಸೊಸೆ ತಲೆ ತಗ್ಗಿಸುತ್ತಾಳೆ.

ಇದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಬೆನ್ನೆಲುಬು ಒಂದೊಂದು ಎಲುಬಾಗಿ ಪಾಲಾಗುವುದು ಗರ್ಭ ನಿಂತು ಮೂರರಿಂದ ಐದು ವಾರದ ಒಳಗೆ. ಎಷ್ಟೋ ಜನಕ್ಕೆ ಆಗ ಬಸಿರು ಅಂತಲೇ ಗೊತ್ತಿರುವುದಿಲ್ಲ. ಭ್ರೂಣದ ಬೆನ್ನುದ್ದಕ್ಕೂ ನೋಟೊಕಾರ್ಡ್ ಎಂಬ ಸಪೂರ ಎಳೆ ಇರುತ್ತದೆ. ಅದರ ಎರಡೂ ಪಕ್ಕಕ್ಕೆ ಸೋಮೈಟ್ ಎಂಬ ಗಂಟುಗಳು ಸುಮಾರು 5 ಗಂಟೆಗೊಂದು ಜೋಡಿಯಂತೆ ತಲೆ ಕಡೆಯಿಂದ ಕೆಳಕ್ಕೆ ಮೂಡುತ್ತಾ ಹೋಗುತ್ತವೆ. ನೋಟೊಕಾರ್ಡ್ ಸೋನಿಕ್ ಹೆಜ್‌ಹಾಗ್ ಎಂಬ ಪ್ರೊಟೀನ್ ಸೂಸುತ್ತದೆ (ಹೌದು, ವಿಡಿಯೊ ಗೇಮಿನ ಹೆಸರೇ!). ಅದು ತಾಕಿದ ಕಡೆ ಪ್ಯಾಕ್ಸ್1, ಪ್ಯಾಕ್ಸ್9 ಜೀನ್‌ಗಳು ಕೆಲಸ ಶುರು ಮಾಡಿ, ಆ ಜೀವಕೋಶಗಳಿಂದ ಎಲುಬೂ, ಎಲುಬುಗಳ ನಡುವಿನ ಮೆತ್ತೆಯಾದ ಡಿಸ್ಕಿನ ಹೊರಗಿನ ಉಂಗುರವೂ ಆಗುತ್ತವೆ. ನೋಟೊಕಾರ್ಡ್ ಮಾತ್ರ ಎಲುಬಿನ ಜಾಗ ಬಿಟ್ಟು ನಡುವಿನ ಸಂದಿಗೆ ಸೇರುತ್ತದೆ. ಡಿಸ್ಕಿನ ತಿರುಳು ಅದೇ, ಎಳೆ ತಾಟಿನಿಂಗಿನ ಹಾಗೆ ಮೆತ್ತಗೆ.

ಇಲ್ಲಿ ಏರುಪೇರಾದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಡಿಸ್ಕ್ ಸರಿಯಾಗಿ ಬೇರ್ಪಡದಿದ್ದರೆ ಎರಡು ಎಲುಬು ಅಂಟಿಕೊಂಡಿರುತ್ತವೆ. ಒಂದು ಪಕ್ಕವಷ್ಟೇ ಬೆಳೆದರೆ ಎಲುಬು ಮೂರು ಮೂಲೆಯಾಗಿ ನಡುವೆ ಸಿಕ್ಕಿಕೊಳ್ಳುತ್ತದೆ, ಮಗು ಬೆಳೆದ ಹಾಗೆ ಬೆನ್ನು ಬಾಗುತ್ತದೆ. ಇಂಥ ಒಂದೇ ಎಲುಬಿದ್ದರೆ ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿರುವುದೇ ಜಾಸ್ತಿ.

ಬೆನ್ನುದ್ದಕ್ಕೂ ಎಲುಬು, ಪಕ್ಕೆಲುಬು ಎಲ್ಲಾ ಕಲಸಿಹೋಗಿದ್ದರೆ ನಾನು ಕೇಳುವುದು, "ಸ್ವಾದರಮಾವಗ ಕೊಟ್ಟಾರೇನು?" ಡಿಎಲ್‌ಎಲ್3, ಎಂಇಎಸ್‌ಪಿ2, ಎಚ್‌ಇಎಸ್7 ಇಂಥ ಜೀನ್‌ಗಳಲ್ಲಿ ಒಂದರ ದೋಷದ ಪ್ರತಿ ಅಪ್ಪನಿಂದಲೂ ಅಮ್ಮನಿಂದಲೂ ಬಂದರೆ ಹೀಗಾಗುತ್ತದೆ. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಆದರೂ ಪ್ರತಿ ಬಸಿರಿಗೂ ಶೇ. 25 ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದರೆ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹಾಗಂತ ಎಲ್ಲದಕ್ಕೂ ಅದನ್ನೇ ದೂರಬೇಡಿ. ಟಿಬಿಎಕ್ಸ್6 ಜೀನ್ ನೋಡಿ: ಒಂದು ಪ್ರತಿ ಕೆಲಸವನ್ನೇ ಮಾಡುವುದಿಲ್ಲ, ಇನ್ನೊಂದು ಪ್ರತಿ ತುಸು ಮಂದ, ಎರಡೂ ಕೂಡಿದಾಗ ಬೆನ್ನು ಬಾಗುತ್ತದೆ. 2015ರಲ್ಲಿ ಚೀನಾದಲ್ಲಿ ಹುಟ್ಟಿನಿಂದ ಬೆನ್ನು ಬಾಗಿದವರನ್ನು ಪರೀಕ್ಷಿಸಿದಾಗ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೇ ಕಂಡಿತ್ತು. ತಾಯಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇತ್ತಾ ಅಂತಲೂ ಕೇಳಲೇಬೇಕು.

ಬರೀ ಬೆನ್ನು ನೋಡಿ ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಕಿಡ್ನಿ, ಹೃದಯಗಳೂ ಹೆಚ್ಚುಕಮ್ಮಿ ಅದೇ ವಾರಗಳಲ್ಲಿ ರೂಪುಗೊಳ್ಳುತ್ತವೆ. ಹಾಗಾಗಿ ಹೊಟ್ಟೆ ಸ್ಕ್ಯಾನಿಂಗ್, ಹೃದಯದ ಎಕೋ ಎರಡನ್ನೂ ಮಾಡಿಸಿ. ಆಪರೇಷನ್ ಮಾತು ಬಂದರೆ ಮೊದಲು ಬೆನ್ನುಹುರಿಯ ಎಂಆರ್‌ಐ ಆಗಲಿ.