ಒಂದೇ ಆಟವನ್ನು ಎಷ್ಟು ಸಲ ಕೊಳ್ಳಬೇಕು?

‘ಫೈನಲ್ ಫ್ಯಾಂಟಸಿ’ ಎಂಬ ಕಥಾಪ್ರಧಾನ ವಿಡಿಯೊ ಗೇಮ್ ಸರಣಿಯ ಆರನೆಯ ಆಟ ಜಪಾನಿನ ಅಂಗಡಿಗಳಿಗೆ ಬಂದದ್ದು 1994ರ ಏಪ್ರಿಲ್‌ನಲ್ಲಿ, ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್ ಆಗಿ. ಅದೇ ಕಥೆ, ಅದೇ ಪಾತ್ರಗಳು ಆಮೇಲೆ ಪ್ಲೇಸ್ಟೇಷನ್ ಸಿಡಿಯಲ್ಲಿ ಬಂದವು, ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಬಂದವು, ಮೊಬೈಲಿಗೂ ಕಂಪ್ಯೂಟರಿಗೂ ಬಂದವು, 2022ರಲ್ಲಿ ‘ಪಿಕ್ಸೆಲ್ ರೀಮಾಸ್ಟರ್’ (ಚುಕ್ಕಿಚಿತ್ರಗಳ ನವೀಕೃತ ರೂಪ) ಎಂಬ ಹೆಸರು ಹೊತ್ತು ಮತ್ತೊಮ್ಮೆ ಬಂದವು. ಪ್ರತಿ ಸಲವೂ ಆಟಗಾರ ಹೊಸದಾಗಿ ಹಣ ತೆತ್ತಿದ್ದಾನೆ. ಹಳೆಯ ಆಟಗಳನ್ನು ಒಟ್ಟುಗೂಡಿಸಿ ಮತ್ತೆ ಮಾರುವ ಇಂಥ ಸಂಕಲನಗಳು ಕೊಟ್ಟ ಹಣಕ್ಕೆ ತಕ್ಕವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಪ್ರತಿ ಮರುಬಿಡುಗಡೆಯೂ ಏನನ್ನು ಸೇರಿಸಿತು, ಏನನ್ನು ಕಳೆಯಿತು ಎಂದು ನೋಡಬೇಕು. ಎರಡನ್ನೂ ಮಾಡದ ಆವೃತ್ತಿ ಬಹಳ ವಿರಳ.

ಮೊದಲಿಗೆ, ಮೂಲ ಪ್ರತಿಯನ್ನೇ ಇಟ್ಟುಕೊಂಡು ಆಡಬಾರದೇಕೆ? ಎಂಬತ್ತು, ತೊಂಬತ್ತರ ದಶಕದ ಇಂಥ ಕಾರ್ಟ್ರಿಜ್‌ಗಳಲ್ಲಿ ಆಟದ ಪ್ರಗತಿಯನ್ನು ಉಳಿಸಿಡುತ್ತಿದ್ದದ್ದು ಒಳಗಿನ ಪುಟ್ಟ ಬ್ಯಾಟರಿ. ಅದು ಸತ್ತರೆ ನಲವತ್ತು ಗಂಟೆಗಳ ಪಯಣವೂ ಅಳಿಸಿಹೋಗುತ್ತದೆ. ಚಿತ್ರಗಳನ್ನು ಬಿಡಿಸಿದ್ದು ದಪ್ಪ ಗಾಜಿನ ಹಳೆಯ ಟಿವಿಗಳಿಗಾಗಿ. ಆ ಪರದೆಯ ಮಸುಕಿನಲ್ಲಿ ಚುಕ್ಕಿಗಳು ಒಂದಕ್ಕೊಂದು ಬೆರೆತು ಮುಖವಾಗುತ್ತಿದ್ದವು, ಇಂದಿನ ಪರದೆಯಲ್ಲಿ ಅವೇ ಬಿಡಿಬಿಡಿ ಚೌಕಗಳಾಗಿ ಕಾಣುತ್ತವೆ. ಡಿಜಿಟಲ್ ಅಂಗಡಿಗಳಾದರೂ ಶಾಶ್ವತವೇ ಎಂದರೆ, ನಿಂಟೆಂಡೊದ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಮಳಿಗೆಗಳು 2023ರ ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿದವು. ಅದೇ ವರ್ಷ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಪ್ರಕಟಿಸಿತು: 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಆಗ ಮಾರಾಟದಲ್ಲೇ ಇರಲಿಲ್ಲ. ಸಂಕಲನಗಳನ್ನು ಬರೀ ಹಣ ಮಾಡುವ ತಂತ್ರವೆಂದು ತಳ್ಳಿಹಾಕುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ.

ಮೊದಲ ಸುತ್ತು 1997ರಲ್ಲಿ ಶುರುವಾಯಿತು. ಸ್ಕ್ವೇರ್ ಕಂಪನಿ ನಾಲ್ಕು, ಐದು, ಆರನೆಯ ‘ಫೈನಲ್ ಫ್ಯಾಂಟಸಿ’ಗಳನ್ನು ಒಂದೊಂದಾಗಿ ಪ್ಲೇಸ್ಟೇಷನ್‌ಗೆ ತಂದು, 1999ರಲ್ಲಿ ಒಟ್ಟುಗೂಡಿಸಿತು. ಕಂಪ್ಯೂಟರ್ ಗ್ರಾಫಿಕ್ಸ್‌ನ ಹೊಸ ವಿಡಿಯೊ ದೃಶ್ಯಗಳು ಸೇರಿದವು, ಐದನೆಯ ಆಟ ಮೊದಲ ಬಾರಿಗೆ ಅಧಿಕೃತವಾಗಿ ಇಂಗ್ಲಿಷಿನಲ್ಲಿ ಸಿಕ್ಕಿತು. ಆದರೆ ಕಾರ್ಟ್ರಿಜ್‌ನಲ್ಲಿ ತಕ್ಷಣ ತೆರೆಯುತ್ತಿದ್ದ ಮೆನುಗಳೂ ಕಾಳಗಗಳೂ ಸಿಡಿಯಲ್ಲಿ ಕಾಯಿಸತೊಡಗಿದವು. ಎರಡನೆಯ ಸುತ್ತಿನಲ್ಲಿ, 2005 ಮತ್ತು 2006ರಲ್ಲಿ, ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಗಳು ಬಂದಾಗ ಲೆಕ್ಕ ತಿರುಗಿತು. ಹೊಸ ನೆಲಮಾಳಿಗೆಗಳು, ಐದನೆಯ ಆಟದ ಪಾತ್ರಗಳು ಆರಿಸಿಕೊಳ್ಳಲು ನಾಲ್ಕು ಹೊಸ ವೃತ್ತಿಗಳು, ಆರನೆಯದಕ್ಕೆ ಡ್ರ್ಯಾಗನ್‌ಗಳ ಗುಹೆ ಸೇರಿದವು, ಅನುವಾದವೂ ಸುಧಾರಿಸಿತು. ಕಳೆದುಹೋದದ್ದು ಸಂಗೀತದ ತುಂಬುತನ. ಸರಣಿಯ ಸಂಗೀತಕಾರ ನೊಬುವೊ ಉಎಮಾತ್ಸು ಅವರ ಸ್ವರಗಳು ಆ ಪುಟ್ಟ ಯಂತ್ರದಲ್ಲಿ ತೆಳುವಾಗಿ ಕೇಳಿಸಿದವು.

ಮೂರನೆಯ ಸುತ್ತು ಎಲ್ಲಕ್ಕಿಂತ ಕೆಟ್ಟದ್ದು. 2013–14ರಲ್ಲಿ ಮೊಬೈಲಿಗೂ 2015ರಲ್ಲಿ ಕಂಪ್ಯೂಟರಿಗೂ ಬಂದ ಐದು, ಆರನೆಯ ಆಟಗಳಲ್ಲಿ ಪಾತ್ರಗಳನ್ನು ನುಣುಪಾಗಿ ಹೊಸದಾಗಿ ಬಿಡಿಸಲಾಗಿತ್ತು. ಹಿನ್ನೆಲೆ ಒಂದು ಶೈಲಿ, ಪಾತ್ರಗಳು ಇನ್ನೊಂದು ಶೈಲಿ, ಬೆರಳಿಗೆಂದು ಮಾಡಿದ ದೊಡ್ಡ ಗುಂಡಿಗಳು ಮೂರನೆಯ ಶೈಲಿ. ಮೂಲದ ಚಿತ್ರಕಾರರು ಕೆಲವೇ ಚುಕ್ಕಿಗಳಲ್ಲಿ ಸಾಧಿಸಿದ್ದ ದುಃಖ, ಹಟ, ತುಂಟತನಗಳು ಆ ನುಣುಪಿನಲ್ಲಿ ಮಾಯವಾದವು. ಅಷ್ಟಾದರೂ ಅವುಗಳಲ್ಲಿ ಗೇಮ್ ಬಾಯ್ ಕಾಲದ ಹೆಚ್ಚುವರಿ ಭಾಗಗಳು ಉಳಿದಿದ್ದವು ಎಂಬುದು ಮುಂದಿನ ಮಾತಿಗೆ ಮುಖ್ಯ.

2021ರ ಜುಲೈನಲ್ಲಿ ‘ಪಿಕ್ಸೆಲ್ ರೀಮಾಸ್ಟರ್’ ಸರಣಿ ಶುರುವಾಯಿತು. ಮೊದಲ ಆರು ಆಟಗಳ ಚಿತ್ರಗಳನ್ನು ಹೊಸದಾಗಿ ರೂಪಿಸಿದವರು ಕಾಜುಕೊ ಶಿಬುಯ. 1987ರ ಮೊದಲ ಆಟಕ್ಕೂ ಚುಕ್ಕಿಚಿತ್ರ ಬಿಡಿಸಿದ್ದವರು ಅವರೇ. ಸಂಗೀತದ ಮರುಸಂಯೋಜನೆ ಉಎಮಾತ್ಸು ಅವರ ಮೇಲ್ವಿಚಾರಣೆಯಲ್ಲೇ ನಡೆಯಿತು. ಆರನೆಯ ಆಟದ ಪ್ರಸಿದ್ಧ ಒಪೆರಾ ದೃಶ್ಯದಲ್ಲಿ ಹಿಂದೆ ಯಂತ್ರದ ಗುನುಗು ಮಾತ್ರ ಇತ್ತು, ಈಗ ಗಾಯಕರು ಏಳು ಭಾಷೆಗಳಲ್ಲಿ ಹಾಡಿದ್ದಾರೆ. ಆಟದ ಪಾತ್ರ ಸೆಲಿಸ್ ರಂಗದ ಮೇಲೆ ನಿಂತು ದನಿ ಎತ್ತುವ ಆ ಕ್ಷಣವೊಂದೇ ಆ ಆಟದ ಬೆಲೆಗೆ ಸಾಟಿ ಎಂದು ನಾನು ಮನಸಾರೆ ಹೇಳಬಲ್ಲೆ.

ಆದರೆ ಗೇಮ್ ಬಾಯ್ ಆವೃತ್ತಿಗಳಲ್ಲಿ ಸೇರಿದ್ದ ಗುಹೆಗಳು, ವೃತ್ತಿಗಳು, ಶತ್ರುಗಳು ಇದರಲ್ಲಿ ಇಲ್ಲ. ಅವು ಮೂಲ ಕೃತಿಗೆ ಸೇರಿದ್ದಲ್ಲ ಎಂಬುದು ಒಪ್ಪತಕ್ಕ ವಾದವೇ. ಒಪ್ಪಲಾಗದ್ದು ಇನ್ನೊಂದು: ಹೊಸದು ಬರುವ ಹೊತ್ತಿಗೆ ಐದು, ಆರನೆಯ ಆಟಗಳ ಹಳೆಯ ಆವೃತ್ತಿಗಳನ್ನು ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಆನ್‌ಲೈನ್ ಮಳಿಗೆಯಿಂದಲೇ ತೆಗೆದುಹಾಕಲಾಯಿತು. ಎಷ್ಟೇ ಕುರೂಪವಾಗಿದ್ದರೂ ಆ ಹೆಚ್ಚುವರಿ ಭಾಗಗಳನ್ನು ಕಂಪ್ಯೂಟರಿನಲ್ಲಿ ಕಾನೂನುಬದ್ಧವಾಗಿ ಆಡಲು ಇದ್ದದ್ದು ಅದೊಂದೇ ದಾರಿ. ಹಳೆಯ ಆಟಗಳ ರಕ್ಷಣೆಯ ಹೆಸರು ಹೇಳಿ ಮಾರುವ ಕಂಪನಿ ತಾನೇ ಆ ದಾರಿಗೆ ಬೀಗ ಹಾಕುವುದು ತಪ್ಪು. ಅಕ್ಷರವಿನ್ಯಾಸದ ವಿಷಯವೂ ಇತ್ತು. ಚುಕ್ಕಿಚಿತ್ರಗಳ ನಡುವೆ ಕಚೇರಿಯ ಪತ್ರದಲ್ಲಿ ಇರಬೇಕಾದಂಥ ಬಡಕಲು ಅಕ್ಷರಗಳನ್ನು ಇಟ್ಟಿದ್ದರು. ಕಂಪ್ಯೂಟರಿನಲ್ಲಿ ಆಡುವವರು ಫೈಲುಗಳನ್ನು ತಿದ್ದಿ ತಾವೇ ಸರಿಪಡಿಸಿಕೊಂಡರು. ಅಧಿಕೃತ ಪರಿಹಾರ 2023ರ ಏಪ್ರಿಲ್‌ನ, ನಿಂಟೆಂಡೊದ ಸ್ವಿಚ್ ಮತ್ತು ಪ್ಲೇಸ್ಟೇಷನ್ 4 ಬಿಡುಗಡೆಯೊಂದಿಗೆ ಬಂತು, ಮೊದಲೇ ಕೊಂಡಿದ್ದ ಕಂಪ್ಯೂಟರ್ ಗ್ರಾಹಕರು ಇನ್ನೂ ಕಾಯಬೇಕಾಯಿತು.

ಮೂಲವನ್ನು ಹಾಗೆಯೇ ಕೊಟ್ಟುಬಿಡಿ ಎಂದು ಕೇಳುವುದು ಸುಲಭ. ಎಷ್ಟೋ ಕಡೆ ಮೂಲವೇ ಕೈಯಲ್ಲಿಲ್ಲ. ಕೆಲವು ಹಳೆಯ ಆಟಗಳ ಕೋಡ್ ಎಲ್ಲಿದೆಯೆಂದು ತಮಗೇ ತಿಳಿಯದು ಎಂದು ಸ್ಕ್ವೇರ್ ಎನಿಕ್ಸ್‌ನ (ಹಿಂದಿನ ಸ್ಕ್ವೇರ್ ಕಂಪನಿ) ಅಂದಿನ ಅಧ್ಯಕ್ಷ ಯೊಸುಕೆ ಮಾತ್ಸುದ 2019ರಲ್ಲಿ ಒಪ್ಪಿಕೊಂಡಿದ್ದರು. ಅಂದು ಆಟ ಮಾರಾಟವಾದ ಮೇಲೆ ಅದರ ಕಡತಗಳನ್ನು ಜೋಪಾನ ಮಾಡುವ ಪದ್ಧತಿಯೇ ಇರಲಿಲ್ಲ. ‘ಕಿಂಗ್‌ಡಮ್ ಹಾರ್ಟ್ಸ್’ ಸಂಕಲನಕ್ಕೆ ಎಷ್ಟೋ ಭಾಗಗಳನ್ನು ಹೊಸದಾಗಿ ಕಟ್ಟಬೇಕಾಯಿತು. 1997ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ 2025ರ ಸೆಪ್ಟೆಂಬರ್‌ನಲ್ಲಿ ಮರಳುವಾಗಲೂ ಇದೇ ಕಥೆ. ಅದನ್ನು ತಂದವರು ಒಂದು ಒಳ್ಳೆಯ ನಿರ್ಧಾರ ಮಾಡಿದರು: ಧ್ವನಿ ಸೇರಿಸಿದ, ಸುಧಾರಿಸಿದ ರೂಪದ ಜೊತೆಯಲ್ಲೇ ಹಳೆಯ ನೋಟದ ರೂಪವನ್ನೂ ಇಟ್ಟರು. 2007ರ ಪಿಎಸ್‌ಪಿ (ಕೈಯಲ್ಲಿ ಹಿಡಿದಾಡುವ ಪ್ಲೇಸ್ಟೇಷನ್) ಆವೃತ್ತಿಯ ಹೆಚ್ಚುವರಿ ಪಾತ್ರಗಳು ಅಲ್ಲೂ ಸಿಗಲಿಲ್ಲ ಎಂಬ ಕೊರಗು ಉಳಿಯಿತು. ಆದರೂ ಹಳೆಯದು ಹೊಸದು ಅಕ್ಕಪಕ್ಕದಲ್ಲಿರುವ ಈ ಕ್ರಮ ಎಲ್ಲ ಸಂಕಲನಗಳಲ್ಲೂ ಇರಬೇಕು.

ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಬಾಳುವುದು ಮುಚ್ಚಿದ ಬಾಗಿಲು ತೆರೆದ ಸಂಕಲನಗಳು. 1995ರ ‘ಸೈಕೆನ್ ದೆನ್ಸೆತ್ಸು 3’ ಜಪಾನಿನ ಆಚೆಗೆ ಬರಲೇ ಇಲ್ಲ. 2000ದಲ್ಲಿ ಅಭಿಮಾನಿಗಳೇ ಕೂತು ಅದನ್ನು ಇಂಗ್ಲಿಷಿಗೆ ತಂದರು. ಅಧಿಕೃತ ಇಂಗ್ಲಿಷ್ ರೂಪ ಸಿಕ್ಕಿದ್ದು 2019ರ ಜೂನ್‌ನಲ್ಲಿ, ‘ಕಲೆಕ್ಷನ್ ಆಫ್ ಮಾನಾ’ ಮೂಲಕ. ಮೂರು ಆಟಗಳಿಗೆ 40 ಡಾಲರ್ ಹೆಚ್ಚಾಯಿತೆಂದು ಆಗ ಹಲವರು ಗೊಣಗಿದರು, ನನಗೆ ಹಾಗೆ ಅನ್ನಿಸುವುದಿಲ್ಲ. ‘ಸುಯಿಕೊದೆನ್ 2’ ಆಟದ ಹಳೆಯ ಸಿಡಿ ಮರುಮಾರಾಟದಲ್ಲಿ ನೂರಾರು ಡಾಲರ್ ಮುಟ್ಟಿತ್ತು. ಮೊದಲೆರಡು ‘ಸುಯಿಕೊದೆನ್’ಗಳ ಸಂಕಲನ 2022ರಲ್ಲಿ ಘೋಷಣೆಯಾಗಿ, ತಡವಾಗಿ, 2025ರ ಮಾರ್ಚ್‌ನಲ್ಲಿ ಬಂತು. 108 ಸಂಗಾತಿಗಳನ್ನು ಒಬ್ಬೊಬ್ಬರಾಗಿ ಕೂಡಿಸಿಕೊಂಡು ಕೋಟೆಯೊಂದನ್ನು ಊರಾಗಿಸುವ ಆ ಕಥೆಯ ಕರ್ತೃ ಯೊಶಿತಾಕ ಮುರಾಯಮ ಅದನ್ನು ನೋಡಲು ಉಳಿದಿರಲಿಲ್ಲ. ಅವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಎಲ್ಲವೂ ಇಷ್ಟು ಮುತುವರ್ಜಿಯಿಂದ ಬರುವುದಿಲ್ಲ. ‘ಕ್ರೊನೊ ಟ್ರಿಗರ್’ 2018ರಲ್ಲಿ ಕಂಪ್ಯೂಟರಿಗೆ ಬಂದಾಗ ಮೊಬೈಲ್ ಆವೃತ್ತಿಯನ್ನು ಎತ್ತಿ ತಂದಂತಿತ್ತು, ಟೀಕೆಯ ನಂತರ ತಿಂಗಳುಗಟ್ಟಲೆ ತಿದ್ದಿದರು. 2022ರ ‘ಕ್ರೊನೊ ಕ್ರಾಸ್’ ರೀಮಾಸ್ಟರ್ ಕಾಳಗಗಳಲ್ಲಿ ಮೊದಲ ಪ್ಲೇಸ್ಟೇಷನ್‌ನಲ್ಲಿ ತಡವರಿಸಿದಂತೆಯೇ ಹೊಸ ಯಂತ್ರಗಳಲ್ಲೂ ತಡವರಿಸಿತು. ಅದು ಸರಿಹೋದದ್ದು ಮರುವರ್ಷದ ಅಪ್‌ಡೇಟ್‌ನಲ್ಲಿ. ಮೊದಲ ದಿನವೇ ಪೂರ್ತಿ ಬೆಲೆ ಕೊಟ್ಟವರೇ ಕೆಟ್ಟ ರೂಪವನ್ನು ಆಡಿದರು.

ನಮ್ಮ ಮಟ್ಟಿಗೆ ಈ ಲೆಕ್ಕಾಚಾರ ತುಸು ಬೇರೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ಬಂದ ‘ಟಿವಿ ಗೇಮ್’ಗಳಲ್ಲಿ ಮಾರಿಯೊ ಇದ್ದ, ‘ಕಾಂಟ್ರಾ’ ಇತ್ತು. ಪುಟಗಟ್ಟಲೆ ಸಂಭಾಷಣೆಯ, ವಾರಗಟ್ಟಲೆ ಆಡಬೇಕಾದ ಈ ಆಟಗಳು ಹೆಚ್ಚಿನವರ ಕೈಗೆ ಎಟುಕಲೇ ಇಲ್ಲ. ಅಮೆರಿಕದ ಗ್ರಾಹಕ ತನ್ನ ಬಾಲ್ಯಕ್ಕೆ ಹಣ ಕೊಡುತ್ತಾನೆ, ನಾವು ಮೊದಲ ಓದಿಗೆ ಕೊಡುತ್ತೇವೆ. ಹಿಂದಿನ ಆವೃತ್ತಿಯ ಗುಹೆ ಕಾಣೆಯಾದ ನೋವು ನಮ್ಮನ್ನು ಅಷ್ಟಾಗಿ ಕಾಡದು. ‘ಪಿಕ್ಸೆಲ್ ರೀಮಾಸ್ಟರ್’ನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಕಾಳಗಗಳನ್ನು ನಿಲ್ಲಿಸುವ, ಅನುಭವದ ಅಂಕಗಳನ್ನು ನಾಲ್ಕು ಪಟ್ಟು ಮಾಡುವ ಸೌಲಭ್ಯಗಳು ಕೆಲಸಕ್ಕೆ ಹೋಗಿಬರುವವರಿಗೆ ದೊಡ್ಡ ಉಪಕಾರ. ಆದರೆ ಆ ನಾಲ್ಕು ಪಟ್ಟನ್ನು ಮೊದಲಿನಿಂದಲೇ ಹಾಕಿಕೊಂಡರೆ ಆಟದಲ್ಲಿ ಸೋಲುವ ಭಯವೇ ಇರುವುದಿಲ್ಲ, ಗೆದ್ದ ಸಂತೋಷವೂ ಸಿಗುವುದಿಲ್ಲ.

‘ಪಿಕ್ಸೆಲ್ ರೀಮಾಸ್ಟರ್’ನ ಮೊದಲೆರಡು ಆಟಗಳಿಗೆ ತಲಾ 12 ಡಾಲರ್, ಉಳಿದ ನಾಲ್ಕಕ್ಕೆ ತಲಾ 18, ಆರೂ ಒಟ್ಟಿಗಾದರೆ ಸುಮಾರು 75. ಕಟ್ಟು ಅಗ್ಗವಾಗಿ ಕಂಡರೂ ಹೊಸಬರಿಗೆ ನಾನು ಆರನೆಯದನ್ನು ಮೊದಲು ಬಿಡಿಯಾಗಿ ಕೊಳ್ಳಿ ಎನ್ನುತ್ತೇನೆ. ಪ್ರತಿ ಆಟದ ಕಥೆಯೂ ಸ್ವತಂತ್ರ, ಹಿಂದಿನ ಐದನ್ನು ಆಡಿರಬೇಕಿಲ್ಲ. ಹಿಡಿಸಿದರೆ ನಾಲ್ಕು, ಆಮೇಲೆ ಐದು. ಮೊದಲ ಮೂರನ್ನು ಸರಣಿಯ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ ಮೇಲೆ ನೋಡಿದರೆ ಸಾಕು. ಸ್ಟೀಮ್ ರೂಪಾಯಿಯಲ್ಲೇ ಮಾರುತ್ತದೆ, ವರ್ಷದಲ್ಲಿ ಹಲವು ಸಲ ರಿಯಾಯಿತಿಯೂ ಇರುತ್ತದೆ. ತೊಡಕಿರುವುದು ಸ್ವಿಚ್ ಇದ್ದವರಿಗೆ, ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ವ್ಯಾಪಾರ ಮಾಡುತ್ತಿಲ್ಲ.

ಇಷ್ಟೆಲ್ಲ ಮರುಬಿಡುಗಡೆಗಳ ನಡುವೆಯೂ ಬಾಗಿಲು ತೆರೆಯದ ಆಟಗಳಿವೆ. 1998ರ ‘ಝೆನೊಗಿಯರ್ಸ್’ಗೆ ರೀಮಾಸ್ಟರ್ ಬಂದಿಲ್ಲ. 2006ರ ‘ಮದರ್ 3’ ಇಂದಿಗೂ ಜಪಾನಿ ಭಾಷೆಯಲ್ಲಿ ಮಾತ್ರ ಅಧಿಕೃತವಾಗಿ ಲಭ್ಯ. 2008ರಲ್ಲಿ ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದವೇ ಉಳಿದವರಿಗೆ ಆಧಾರ. ಈ ಎರಡರಲ್ಲಿ ಯಾವುದು ಸಂಕಲನವಾಗಿ ಬಂದರೂ ನಾನು ರಿಯಾಯಿತಿಗೆ ಕಾಯುವುದಿಲ್ಲ.