ಹಳೆಯ ಟೋಪೋಶೀಟಿನಲ್ಲಿ ಕಾಣುವ ಬೈಲು, ತೋಡು, ಪದವು

ಮಂಗಳೂರಿನ ಉತ್ತರದ ಅಂಚಿನಲ್ಲಿ, ಕೂಳೂರು, ಪಣಂಬೂರು, ಬಜ್ಪೆ ಕಡೆ, ಜೋರು ಮಳೆಗೆ ರಸ್ತೆ ಮೇಲೆ ನೀರು ನಿಂತರೆ ಎಲ್ಲರೂ ಚರಂಡಿಯನ್ನು ಬೈಯುತ್ತಾರೆ. ಚರಂಡಿಗಿಂತ ಮೊದಲು ನೋಡಬೇಕಾದದ್ದು ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟ್, ಅಂದರೆ ನೆಲದ ಏರಿಳಿತ, ನೀರಿನ ದಾರಿ ತೋರಿಸುವ ನಕ್ಷೆ.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ, ನೆಲವನ್ನು ತ್ರಿಕೋನಗಳಾಗಿ ಅಳೆಯುವ ಸರ್ವೇ ಕೆಲವೇ ವರ್ಷಗಳಲ್ಲಿ ಮಂಗಳೂರಿನ ಕಡಲು ಮುಟ್ಟಿತು. ಆಮೇಲೆ ಬಂದವು ಇಂಚಿಗೊಂದು ಮೈಲಿಯ ನಕ್ಷೆಗಳು. ನಮ್ಮ ಊರಿನ ಹಾಳೆಯ ಸಂಖ್ಯೆ 48 ಎಲ್/13. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಕಂದು, ನೀಲಿ ನೀರಿಗೆ, ಹಳದಿ ಸಾಗುವಳಿಗೆ.

ಬಜ್ಪೆ, ಕೆಂಜಾರು ಕಡೆ ಕಣ್ಣಿಟ್ಟು ನೋಡಿ. ಪದವು ಅಂದರೆ ಗುಡ್ಡದ ಮೇಲಿನ ಸಪಾಟು ಬಯಲು; ಅದರ ಮೇಲೆ ಕಂದು ಗೆರೆಗಳು ದೂರ ದೂರ. ಅಂಚಿಗೆ ಬಂದರೆ ಒಂದಕ್ಕೊಂದು ಅಂಟಿಕೊಂಡಂತೆ. ಅಂದರೆ ಮೇಲೆ ಸಪಾಟು, ಬದಿಯಲ್ಲಿ ಕಡಿದಾದ ಇಳಿಜಾರು. 1951ರಲ್ಲಿ ಶುರುವಾದ ವಿಮಾನ ನಿಲ್ದಾಣ ಇಂಥ ಗುಡ್ಡದ ನೆತ್ತಿಯಲ್ಲೇ ಇದೆ. ಪದವಿನ ಮುರಕಲ್ಲು (ತೂತುತೂತಾದ ಕೆಂಪು ಕಲ್ಲು) ಮಳೆನೀರು ಕುಡಿಯುತ್ತದೆ, ಬುಡದಲ್ಲಿ ಒರತೆಯಾಗಿ ಬಿಡುತ್ತದೆ. ಆ ನೀರು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ ಇಳಿಯುತ್ತದೆ, ತೋಡು ಗುಡ್ಡಗಳ ನಡುವಿನ ತಗ್ಗು ಗದ್ದೆಯಾದ ಬೈಲಿಗೆ, ಬೈಲಿನಿಂದ ಹೊಳೆಗೆ. ಸಣ್ಣ ನೀಲಿ ಗೆರೆಗಳು ಹೇಳುವುದು ಇದನ್ನೇ.

ಗುರುಪುರ ಹೊಳೆಯದ್ದು ಇನ್ನೂ ಸ್ವಾರಸ್ಯ. ಪಶ್ಚಿಮಕ್ಕೆ ಬಂದ ಹೊಳೆ ಸೀದಾ ಕಡಲಿಗೆ ಸೇರುವುದಿಲ್ಲ. ಕೂಳೂರಿನ ಹತ್ತಿರ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ, ಬೆಂಗ್ರೆಯ ಮರಳುಪಟ್ಟಿಯ ಒಳಬದಿಯಲ್ಲೇ ಹರಿದು ನೇತ್ರಾವತಿಯನ್ನು ಕೂಡುತ್ತದೆ. ಇಷ್ಟು ತಗ್ಗಿನ ನೆಲದಲ್ಲಿ ಕಡಲು ಉಬ್ಬುವ ಭರತದ ಹೊತ್ತಿಗೆ ಮಳೆಯೂ ಜೋರಾದರೆ ನೀರು ಹಿಂದಕ್ಕೆ ಒತ್ತದೆ ಇರುತ್ತದಾ?

1907ರಲ್ಲಿ ರೈಲು ಬಂದರೂ ಉತ್ತರದ ಈ ಅಂಚು ಹೆಚ್ಚು ಬದಲಾಗಲಿಲ್ಲ. ದೊಡ್ಡ ಬದಲಾವಣೆ ಪಣಂಬೂರಿನ ಬಂದರಿನದು. ನೆಲ ಅಗೆದು ಮಾಡಿದ ಈ ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಹಿಂದೆಯೇ ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕೆ, ಕಡೆಗೆ ತೈಲ ಶುದ್ಧೀಕರಿಸುವ ಎಂಆರ್‌ಪಿಎಲ್. ಜಾಗ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದವು. ಹಳೆಯ ಹಾಳೆಯಲ್ಲಿ ಅವರ ಹಿಂದಿನ ಊರುಗಳು ತೆಂಗಿನ ತೋಟಗಳ ನಡುವೆ ಇವೆ. ಅದನ್ನು ನೋಡಿದಾಗ ಸಂಕಟ ಆಗುತ್ತದೆ.

ಕಾರ್ಖಾನೆಗಳಷ್ಟೇ ಅಲ್ಲ, ಲೇಔಟುಗಳೂ ಬೈಲಿಗೆ ಇಳಿದಿವೆ. ಗುಡ್ಡೆ ಕಡಿದ ಮಣ್ಣನ್ನೇ ತಂದು ಗದ್ದೆ ಎತ್ತರಿಸುತ್ತಾರೆ. ತೋಡು ಸಿಮೆಂಟ್ ಪೈಪಿನೊಳಗೆ ಹೋಗುತ್ತದೆ. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ ಬೀಳುವ ಊರಿಗೆ ಆ ಪೈಪು ಎಲ್ಲಿ ಸಾಕು!

ಗದ್ದೆಯನ್ನು ಬೇರೆ ಬಳಕೆಗೆ ಬದಲಿಸುವ ಕನ್ವರ್ಶನ್‌ಗೆ ಅರ್ಜಿ ಬಂದಾಗ, ಸಹಿ ಹಾಕುವ ಮೊದಲು ಈ ಹಾಳೆಯನ್ನು ಪಕ್ಕದಲ್ಲಿಟ್ಟು ನೀಲಿ ಗೆರೆ ಎಲ್ಲಿ ಹಾದುಹೋಗುತ್ತದೆ ಎಂದು ನೋಡುವ ಕ್ರಮ ಪಂಚಾಯತಿನಿಂದಲೇ ಶುರುವಾಗಬೇಕು.